ಕೊಟ್ಟಿಗೆಯಲ್ಲಿ ಎಷ್ಟು ಕಾರು ಇರಬೇಕು?

ನಮ್ಮಜ್ಜಿ ಕಾರಿನ ಪಕ್ಕೆ ತಟ್ಟಿ ನೋಡಿದಳು.

ಸಂತೆಯಲ್ಲಿ ಹಸು ಕೊಳ್ಳುವವರು ನೋಡುತ್ತಾರಲ್ಲ, ಹಾಗೆ. ಮೊದಲು ಎದುರು ನಿಂತು ಮುಖ ನೋಡಿದಳು. ಆಮೇಲೆ ಹಿಂದಕ್ಕೆ ಹೋದಳು. ಬಗ್ಗಿ ಹೊಟ್ಟೆಯ ಕೆಳಗೆ ಇಣುಕಿದಳು. (ಆಯಿಲ್ ಸೋರುತ್ತಿತ್ತು. ಅದನ್ನು ಒಳ್ಳೆಯ ಲಕ್ಷಣ ಅಂದುಕೊಂಡಳೋ ಕೆಟ್ಟದ್ದು ಅಂದುಕೊಂಡಳೋ ಗೊತ್ತಾಗಲಿಲ್ಲ.) ಕೊನೆಗೆ ಅಂಗಳಕ್ಕೆ ತರಿಸಿ ಸಾಲಾಗಿ ನಿಲ್ಲಿಸಿದ್ದ ಮೂರು ವಾಹನಗಳ ಮುಂದೆಯೂ ಒಂದೊಂದಾಗಿ ನಿಂತು ಒಂದೇ ಪ್ರಶ್ನೆ ಕೇಳಿದಳು.

"ಇದು ಯಾರ್ದು?"

ಬೂದು ಕಾರಿನ ಮುಂದೆ ಕೇಳಿದಾಗ ನಾನು "ನಂದಜ್ಜಿ" ಅಂದೆ. ಜೀಪಿನ ಮುಂದೆ ಕೇಳಿದಾಗ ಚಿಕ್ಕಪ್ಪ "ನಂದಮ್ಮಾ" ಅಂದ. ಹಸಿರು ಕಾರಿನ ಮುಂದೆ ಕೇಳಿದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಇಬ್ರದ್ದೂ" ಅಂದೆ ನಾನು.

"ಹಂಗಂದ್ರೆ ಯಾರ್ದೂ ಅಲ್ಲ. ಕೊಟ್ಬಿಡ್ರೋ ಅದನ್ನ."

ಈ ಅಂಕಣದ ಹಳೆಯ ಓದುಗರಿಗೆ ನನ್ನ ಕಾರಿನ ಹುಚ್ಚು ಗೊತ್ತಿದೆ. (ಗೊತ್ತಿದ್ದೂ ಓದುತ್ತಿದ್ದೀರಿ. ಸಂತೋಷ.) ಹೊಸಬರಿಗಾಗಿ ನಾಲ್ಕು ಮಾತು. ನಾವು ಸುಗಟೂರಿನ ರೈತರು. ರಾಗಿ, ತರಕಾರಿ, ಹಿಪ್ಪುನೇರಳೆ, ನಾಲ್ಕು ಹಸು. ನಾನು ಕೋಲಾರದ ಒಂದು ಆಫೀಸಿನಲ್ಲಿ ಗುಮಾಸ್ತ. ಚಿಕ್ಕಪ್ಪ ಊರಿನ ಹಾಲಿನ ಸೊಸೈಟಿಯ ಲೆಕ್ಕ ನೋಡುತ್ತಾನೆ. ಅಪ್ಪನಿಗೆ ಎತ್ತಿನ ಗಾಡಿಗಿಂತ ಹೆಚ್ಚಿನದು ಬೇಕಾಗಿಲ್ಲ. ಅಮ್ಮ, ಚಿಕ್ಕಮ್ಮ ಇಬ್ಬರೂ ರೇಷ್ಮೆ ಹುಳು ಸಾಕುತ್ತಾರೆ. ಮನೆ ನಡೆಯುವುದು ನಿಜವಾಗಿ ಅವರಿಂದ.

ನಾನು ದಿನಾ ಆಫೀಸಿಗೆ ಹೋಗುವುದು ಬಸ್ಸಿನಲ್ಲಿ. ಮನೆಯಲ್ಲಿ ಮೂರು ಗಾಡಿ ಇಟ್ಟುಕೊಂಡು ಬಸ್ಸಿಗೆ ಕಾಯುವವನು ಜಿಲ್ಲೆಯಲ್ಲಿ ನಾನೊಬ್ಬನೇ ಇರಬಹುದು. ಈಗಿನ ಪೆಟ್ರೋಲ್ ಬೆಲೆಯಲ್ಲಿ ಬೇರೆ ದಾರಿ ಇದೆಯೇ? ಕಾರು ಇರುವುದು ಭಾನುವಾರಕ್ಕೆ. ಬಿಚ್ಚುವುದಕ್ಕೆ, ಒರೆಸುವುದಕ್ಕೆ, ಜೋಡಿಸುವುದಕ್ಕೆ. ಜೋಡಿಸಿದ ಮೇಲೆ ಉಳಿದ ಎರಡು ಬೋಲ್ಟು ಎಲ್ಲಿಯವು ಎಂದು ಯೋಚಿಸುವುದಕ್ಕೆ.

ಬೂದು ಕಾರು ಚಿನ್ನದ ಗಣಿಯ ಕಡೆಯ ಎಂಜಿನಿಯರೊಬ್ಬರು ಊರು ಬಿಡುವಾಗ ಕೊಟ್ಟದ್ದು. ಜೀಪು ಚಿಕ್ಕಪ್ಪ ಹರಾಜಿನಲ್ಲಿ ಹಿಡಿದದ್ದು. (ಅವನು ಕೈ ಎತ್ತಿದ್ದು ನೊಣ ಓಡಿಸುವುದಕ್ಕೆ ಎಂದು ಚಿಕ್ಕಮ್ಮ ಇವತ್ತಿಗೂ ಹೇಳುತ್ತಾಳೆ.) ಹಸಿರು ಕಾರು ಮಾಲೂರಿನ ವಯಸ್ಸಾದ ಡಾಕ್ಟರೊಬ್ಬರದು. ಎರಡೇ ಬಾಗಿಲು, ಗುಂಡನೆಯ ಬೆನ್ನು, ದೊಡ್ಡ ಕಣ್ಣು. ಅವರು ಪ್ರಾಕ್ಟೀಸ್ ನಿಲ್ಲಿಸಿದಾಗ ನಾವು ತಂದೆವು. ಯಾಕೆ ತಂದೆವು? ಸಿಕ್ಕಿತು, ತಂದೆವು.

ಆಗ ಕೊಟ್ಟಿಗೆಗೆ ಹೊಸ ಸೀಮೆ ಹಸು ಬರುವುದಿತ್ತು. ಕೊಟ್ಟಿಗೆಯ ಅರ್ಧ ಜಾಗದಲ್ಲಿ ಹಸಿರು ಕಾರು ಮತ್ತು ಬೂದು ಕಾರು. ಹಸು ಎಲ್ಲಿ ನಿಲ್ಲಬೇಕು? ಅಜ್ಜಿಯ ತನಿಖೆ ಶುರುವಾದದ್ದು ಹೀಗೆ.

ಅಜ್ಜಿಗೆ ಹಸುವಿನ ವಿಷಯದಲ್ಲಿ ಒಂದು ಕಟ್ಟುನಿಟ್ಟಿದೆ. ನಮ್ಮ ಮನೆಯಲ್ಲಿ ಪ್ರತಿ ಹಸುವಿಗೂ ಒಬ್ಬ ಮನುಷ್ಯ ಇರಬೇಕು. ಗೌರಿ ಅಮ್ಮನದು. ಕೆಂಪಿ ಚಿಕ್ಕಮ್ಮನದು. ಮೈ ತೊಳೆಯುವುದು, ಹುಲ್ಲು ಹಾಕುವುದು, ಹಾಲು ಕರೆಯುವುದು ಎಲ್ಲ ಅವರೇ. ಬೇರೆಯವರು ಕೂತರೆ ಹಸು ಒದೆಯುತ್ತದೆ, ಹಾಲು ಇಳಿಸುವುದಿಲ್ಲ. "ಎಲ್ಲಾರೂ ನೋಡ್ಕೋತೀವಿ" ಅಂತ ಮನೆಯವರು ಹೇಳಿದ ಹಸುವನ್ನು ಅಜ್ಜಿ ಮುಂದಿನ ಸಂತೆಗೆ ಹೊಡೆಸಿಬಿಡುತ್ತಾಳೆ. ಅದೇ ಕಾನೂನನ್ನು ಕಾರಿಗೂ ಜಾರಿ ಮಾಡಿದಳು, ಅಷ್ಟೇ.

ನಾನು ಸುಮ್ಮನೆ ಸೋಲುವವನಲ್ಲ. ನನಗೆ ಡೈರಿ ಬರೆಯುವ ಚಟವಿದೆ ಎಂದು ನಿಮಗೆ ಗೊತ್ತು. ಯಾವ ಭಾನುವಾರ ಯಾವುದು ಸ್ಟಾರ್ಟ್ ಆಯಿತು, ಯಾವುದನ್ನು ತಳ್ಳಿದೆವು, ಎಲ್ಲಿಯವರೆಗೆ ಹೋದೆವು, ಎಲ್ಲಿಂದ ನಡೆದು ಬಂದೆವು, ಎಲ್ಲ ಬರೆದಿದ್ದೇನೆ. ಕೂತು ಕೂಡಿದೆ, ಕಳೆದೆ, ಭಾಗಿಸಿದೆ. ಇಬ್ಬರು ಡ್ರೈವರು, ವಾರಕ್ಕೊಂದು ಭಾನುವಾರ, ಮಳೆ, ಮದುವೆ, ನೆಂಟರು ಎಲ್ಲ ತೆಗೆದರೆ ನಮ್ಮ ಮನೆಗೆ ಬೇಕಾದ ಕಾರುಗಳ ಸಂಖ್ಯೆ ಸಿಕ್ಕಿತು.

ಒಂದೂಕಾಲು.

ಬಾಯಿ ಮುಚ್ಚಿಕೊಂಡು ಗಿರಾಕಿ ಹುಡುಕಿದೆವು.

ಗಿರಾಕಿ ಸಿಕ್ಕಿದ್ದು ರಾಯಲ್ಪಾಡಿನಲ್ಲಿ. ನಾರೆಪ್ಪನವರು, ಮಾವಿನ ವ್ಯಾಪಾರಿ. ಬಿಳಿ ಪಂಚೆ, ಹೆಗಲ ಮೇಲೆ ಟವಲು, ಒಂದು ಮಾತು ಕನ್ನಡ, ಎರಡು ಮಾತು ತೆಲುಗು. ಬಂದವರೇ ಹಸಿರು ಕಾರನ್ನು ಸ್ಟಾರ್ಟ್ ಮಾಡಿ ಅಂದರು. ನಾನು ಕೂತೆ, ಆಗಲಿಲ್ಲ. ಚಿಕ್ಕಪ್ಪ ಕೂತ, ಆಗಲಿಲ್ಲ. ನಾಲ್ಕು ಜನ ಸೇರಿ ರೋಡಿನವರೆಗೆ ತಳ್ಳಿದೆವು.

"ಏಮಪ್ಪಾ, ಇದಿ ಕಾರಾ, ಬರ್ರೆಯಾ?" ಕಾರೋ ಎಮ್ಮೆಯೋ ಎಂದು ನಕ್ಕರು ನಾರೆಪ್ಪನವರು. ಅಷ್ಟರಲ್ಲಿ ಅದು ಕೆಮ್ಮಿ ಹೊತ್ತಿಕೊಂಡಿತು. ಅವರ ಮುಖ ಅರಳಿತು. ಊರಿನ ತುದಿಯವರೆಗೆ ಹೋಗಿ ಬಂದರು. ಒಪ್ಪಿದರು.

"ನಾಳೆಯಿಂದ ಆಷಾಢ. ಗಾಡಿ ಮನೆ ತುಂಬಿಸ್ಕೊಳ್ಳಲ್ಲ ನಾವು. ಶ್ರಾವಣ ಹುಟ್ಲಿ, ಬಂದು ತಗೊಂಡೋಗ್ತೀನಿ ತಲ್ಲೀ" ಎಂದು ಅಜ್ಜಿಯನ್ನು ತೆಲುಗಿನಲ್ಲಿ ತಾಯೀ ಅಂತ ಕರೆದು ಹೇಳಿದರು. ಎಲೆ ಅಡಿಕೆ ಕೊಟ್ಟರು. ಅಜ್ಜಿ ಸೆರಗು ಒಡ್ಡಿ ತೆಗೆದುಕೊಂಡಳು. ನಮ್ಮಲ್ಲಿ ಅದೇ ರಿಜಿಸ್ಟ್ರೇಷನ್.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಚಿಕ್ಕಪ್ಪ ಆ ಹಣದಲ್ಲಿ ಜೀಪಿಗೆ ಹಾಕಿಸುವ ಟೈರುಗಳ ಕನಸಿನಲ್ಲಿದ್ದ.

ಅವತ್ತು ಸಂಜೆ ಚಿಕ್ಕಮ್ಮ ಹುಳುಮನೆಯ ಹೊರಗೆ ಕೂತು ಸೊಪ್ಪು ಹೆಚ್ಚುತ್ತಿದ್ದಳು. ತಲೆ ಎತ್ತದೆ ಕೇಳಿದಳು. "ಅತ್ತೆ, ಅದು ಯಾರ್ದು ಅಂತ ನಿಮ್ಮ ಮಗನ್ನ ಕೇಳಿದ್ರಿ, ಮೊಮ್ಮಗನ್ನ ಕೇಳಿದ್ರಿ. ನನ್ನ ಕೇಳ್ಲಿಲ್ಲ."

"ನಿನ್ನ ಏನೇ ಕೇಳೋದು?"

"ನಂದು ಅಂತಿದ್ದೆ."

ಚಿಕ್ಕಪ್ಪ ಗಟ್ಟಿಯಾಗಿ ನಕ್ಕ. ನಾನೂ ನಕ್ಕೆ. ಅಜ್ಜಿ ನಗಲಿಲ್ಲ.

ಆಗ ಚಿಕ್ಕಮ್ಮ ಹೇಳಿದ್ದು ನನಗೆ ಹೊಸದು. ಅವಳ ತವರು ಮಾಲೂರು ಕಡೆಯ ಹಳ್ಳಿ. ಅವಳು ಚಿಕ್ಕವಳಿದ್ದಾಗ ಡಾಕ್ಟರು ಅದೇ ಹಸಿರು ಕಾರಿನಲ್ಲಿ ಊರೂರು ಸುತ್ತುತ್ತಿದ್ದರಂತೆ. "ಅದು ಊರು ದಾಟೋವರೆಗೂ ಧೂಳು ಕುಡ್ಕೊಂಡು ಹಿಂದೆ ಓಡಿದ್ದೀನಿ ಕಣೋ. ಎಷ್ಟು ಸಲ! ಮನೆಗೇ ಬಂತಲ್ಲ, ಇವತ್ತಲ್ಲ ನಾಳೆ ಒಂದ್ಸಲ ಮುಂದೆ ಕೂತು ಓಡಿಸಿ ನೋಡ್ಬೇಕು ಅಂತಿದ್ದೆ. ನೀವು ನೋಡಿದ್ರೆ ಮಾರ್ತಾ ಇದೀರಿ."

"ಲೇ, ನೀನು ಕಾರು ಓಡಿಸಿದ್ರೆ ಹುಳಕ್ಕೆ ಸೊಪ್ಪು ಹಾಕೋರು ಯಾರು?" ಅಂದ ಚಿಕ್ಕಪ್ಪ.

"ನೀವು ಜೀಪಿನ ಕೆಳಗೆ ಮಲಗಿದಾಗ ಯಾರು ಹಾಕ್ತಾರೋ ಅವರೇ."

ಅಜ್ಜಿ ಎಲೆ ಅಡಿಕೆಯ ಕಡೆ ನೋಡಿದಳು, ಸೊಸೆಯ ಕಡೆ ನೋಡಿದಳು. ತೀರ್ಪು ಕೊಟ್ಟಳು. ನಂದು ಅಂದವಳು ಹಾಲು ಕರೆದು ತೋರಿಸಬೇಕು. ಶ್ರಾವಣ ಹುಟ್ಟುವ ಹೊತ್ತಿಗೆ ಓಡಿಸುವುದನ್ನು ಕಲಿಯಬೇಕು. ಕಲಿತರೆ, ರಾಯಲ್ಪಾಡಿಗೆ ಅದೇ ಕಾರನ್ನು ಅವಳೇ ಓಡಿಸಿಕೊಂಡು ಹೋಗಿ ನಾರೆಪ್ಪನವರಿಗೆ ವೀಳ್ಯ ವಾಪಸು ಕೊಟ್ಟು ಬರಬೇಕು. ಕಲಿಯದಿದ್ದರೆ ಕಾರು ಅವರದು.

"ಆದ್ರೆ ಆಷಾಢದಲ್ಲಿ ಹೊಸದು ಶುರು ಮಾಡಬಾರ್ದಲ್ಲೇ" ಎಂದು ಅಜ್ಜಿಗೇ ಅನುಮಾನ ಬಂತು.

"ಹೊಸದೆಲ್ಲಿ ಅತ್ತೆ? ಹಳೇ ಕಾರೇ ಅಲ್ವಾ!"

ಮೇಷ್ಟ್ರು ನಾನು. ಕೋಲಾರದಲ್ಲಿ ಕಲಿಯುವವರ ಲೈಸೆನ್ಸ್ ಮಾಡಿಸಿದೆ. ಎಲ್ ಬೋರ್ಡು ಬರೆದೆ. ಟೈಮ್ ಟೇಬಲ್ಲೂ ಹಾಕಿದೆ. ಸೋಮವಾರ ಕ್ಲಚ್ಚು, ಬುಧವಾರ ಗೇರು, ಹೀಗೆ. ಚಿಕ್ಕಮ್ಮ ಅದನ್ನು ನೋಡಿ ವಾಪಸು ಕೊಟ್ಟಳು. "ಹುಳಕ್ಕೆ ನಿನ್ನ ಸೋಮವಾರ ಬುಧವಾರ ಗೊತ್ತಾ?"

ರೇಷ್ಮೆ ಸಾಕುವವರಿಗೆ ಗೊತ್ತು, ಮಿಕ್ಕವರಿಗಾಗಿ ಹೇಳುತ್ತೇನೆ. ಹುಳು ಮೂರು ಹೊತ್ತು, ನಾಲ್ಕು ಹೊತ್ತು ತಿನ್ನುತ್ತದೆ. ಬಿಡುವೇ ಇಲ್ಲ. ಆದರೆ ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಒಂದು ದಿನ ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಹುಳು ಜ್ವರಕ್ಕೆ ಕೂತರೆ ಸಾಕುವವರಿಗೆ ಒಂದು ದಿನ ರಜ. ಇಡೀ ಬೆಳೆಗೆ ನಾಲ್ಕೇ ರಜ.

ಹುಳು ಜ್ವರಕ್ಕೆ ಕೂತ ದಿನ ಚಿಕ್ಕಮ್ಮ ಸ್ಟೇರಿಂಗಿಗೆ ಕೂರುವುದು ಎಂದು ತೀರ್ಮಾನವಾಯಿತು.

ಅಮ್ಮ ಒಂದು ಷರತ್ತು ಹಾಕಿದಳು. ಹುಳುವಿಗೆ ಯಾವ ಘಾಟೂ ಆಗುವುದಿಲ್ಲ. "ಪೆಟ್ರೋಲ್ ವಾಸ್ನೆ ಹೊತ್ಕೊಂಡು ಹುಳದ ಮನೆ ಹೊಸಿಲು ತುಳಿದ್ರೆ ನೋಡು! ಬೆಳೆ ಹೋದ್ರೆ ಆ ಕಾರನ್ನೇ ಬೇಯಿಸಿ ಹಾಕ್ತೀನಿ ನಿಂಗೆ."

"ಆಯ್ತಕ್ಕ. ಸ್ನಾನ ಮಾಡಿ, ಸೀರೆ ಬದಲಾಯಿಸ್ಕೊಂಡೇ ಬರ್ತೀನಿ."

ಮೊದಲ ಜ್ವರ. ಒಣಗಿದ ಕೆರೆಯ ಅಂಗಳ. ಆಷಾಢದ ಗಾಳಿ. ಚಿಕ್ಕಮ್ಮ ಸೆರಗು ಬಿಗಿದು ಕೂತಳು. ಸ್ಟಾರ್ಟ್ ಆಯಿತು, ಹೊರಟಿತು, ನೇರ ಜಾಲಿಪೊದೆಯ ಕಡೆ ನಡೆಯಿತು. "ಬ್ರೇಕ್ ಚಿಕ್ಕಮ್ಮಾ, ಬ್ರೇಕ್!" ಅಂತ ನಾನು ಕೂಗಿದೆ. ಅವಳು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಎದೆಯ ಕಡೆಗೆ ಎಳೆದಳು. "ಹೋ... ಹೋ... ಹೋ!"

ಎತ್ತಾಗಿದ್ದರೆ ನಿಲ್ಲುತ್ತಿತ್ತು. ನನ್ನ ಕೈ ಹ್ಯಾಂಡ್ ಬ್ರೇಕಿನ ಮೇಲೆ ಇಲ್ಲದಿದ್ದರೆ ಈ ವಾರ ಈ ಅಂಕಣ ಇರುತ್ತಿರಲಿಲ್ಲ.

ಎರಡನೇ ಜ್ವರ. ಎಳೆಯಲಿಲ್ಲ. ಆದರೆ ಕಾರು ಕುಪ್ಪಳಿಸಿ ಕುಪ್ಪಳಿಸಿ ಆಫ್ ಆಗುತ್ತಿತ್ತು. ಎಮ್ಮೆ ಮೇಯಿಸುತ್ತಿದ್ದ ಹಿರಿಯರೊಬ್ಬರು ಗಂಟೆಗಟ್ಟಲೆ ನಿಂತು ನೋಡಿದರು. ಕೊನೆಗೆ ತಡೆಯಲಾರದೆ ಕೇಳಿದರು. "ಏನಮ್ಮಾ, ಉಳ್ತಾ ಇದೀಯಾ?"

"ಹೂಂ ಕಣಣ್ಣ. ಬೀಜ ತಗೊಂಡ್ ಬಾ!"

ಆ ಸಂಜೆ ಅವಳ ಮುಖ ಬಾಡಿತ್ತು. ನಾನು ಲೆಕ್ಕ ಹಾಕುವವನಲ್ಲವೇ? ಇನ್ನುಳಿದಿರುವುದು ಎರಡೇ ಜ್ವರ. ಎರಡು ದಿನದಲ್ಲಿ ಸಾಧ್ಯವಿಲ್ಲ ಅನ್ನಿಸಿತು. ಹೇಳಲಿಲ್ಲ. ಚಿಕ್ಕಪ್ಪ ಹೇಳಿದ. "ಸುಮ್ನೆ ಯಾಕೆ ಒದ್ದಾಡ್ತೀಯ? ಬಿಟ್ಟಾಕು." ಅವಳು ಎದ್ದು ಸ್ನಾನಕ್ಕೆ ಹೋದಳು.

ಮಾರನೆಯ ದಿನದಿಂದ ನಾನು ಕಂಡದ್ದು ಬೇರೆ. ಹುಳುಮನೆಯಲ್ಲಿ ಮೊರದ ತುಂಬ ಸೊಪ್ಪು ಹಿಡಿದು ತಟ್ಟೆಯಿಂದ ತಟ್ಟೆಗೆ ಹೋಗುವಾಗ ಚಿಕ್ಕಮ್ಮನ ಎಡಗಾಲು ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು, ಮೆಲ್ಲಗೆ ಬಿಡುತ್ತಿತ್ತು. ಒತ್ತು, ಬಿಡು. ಅಮ್ಮನಿಗೆ ಗಾಬರಿ. "ಏನಾಯ್ತೇ ಕಾಲಿಗೆ?"

"ಏನಿಲ್ಲಕ್ಕ. ಸೆಕೆಂಡ್ ಗೇರ್."

ಮೂರನೇ ಜ್ವರಕ್ಕೆ ಕೂತಾಗ ಕಾರು ಕುಪ್ಪಳಿಸಲಿಲ್ಲ. ನೀರಿನ ಹಾಗೆ ಹರಿಯಿತು. ಕೆರೆ ಅಂಗಳದಲ್ಲಿ ಸುತ್ತು ಹೊಡೆದಳು, ಎಂಟು ಹಾಕಿದಳು, ಹಿಂದಕ್ಕೂ ಬಂದಳು. ನಾಲ್ಕನೇ ಜ್ವರ ಉದ್ದ. ಅವತ್ತು ಕೆರೆ ಏರಿಯ ಮೇಲೆ ಹತ್ತಿಸಿದಳು. ಒಂದು ಗಾಡಿ ಅಗಲದ ದಾರಿ. ಆ ಕಡೆ ಇಳಿಜಾರು, ಈ ಕಡೆ ಇಳಿಜಾರು. ನಾನು ಉಸಿರು ಹಿಡಿದು ಕೂತೆ. ಏರಿಯ ಕೊನೆಯಲ್ಲಿ ನಿಲ್ಲಿಸಿ ಕೇಳಿದಳು. "ಯಾಕೋ ಕಣ್ಣು ಮುಚ್ಚಿದ್ದೀಯ?"

ಹುಳು ಗೂಡು ಕಟ್ಟುವ ಹದಕ್ಕೆ ಹಣ್ಣಾಯಿತು, ಚಂದ್ರಿಕೆ ಏರಿತು. ಆ ಬಿದಿರು ತಟ್ಟೆಗಳ ಸುರುಳಿಯ ತುಂಬ ಗೂಡು. ಇಷ್ಟು ಗಟ್ಟಿ ಗೂಡು ಈ ವರ್ಷ ಕಂಡೇ ಇಲ್ಲ ಎಂದು ಅಮ್ಮನೇ ಒಪ್ಪಿಕೊಂಡಳು. ಪೆಟ್ರೋಲು ಸೋತಿತು. ಶ್ರಾವಣ ಹುಟ್ಟಿತು.

ಹೊರಡುವ ದಿನ ಬೆಳಿಗ್ಗೆ ಅಜ್ಜಿ ಹೊಸ ಎಲೆ ಅಡಿಕೆ, ಎರಡು ತೆಂಗಿನಕಾಯಿ ತಟ್ಟೆಯಲ್ಲಿಟ್ಟು ಹಿಂದಿನ ಸೀಟಿಗೆ ನುಸುಳಿದಳು. (ಎರಡು ಬಾಗಿಲಿನ ಕಾರಿನ ಹಿಂದೆ ಅಜ್ಜಿಯನ್ನು ಕೂರಿಸುವುದು ಒಂದು ಕಲೆ. ಅದನ್ನು ಇನ್ನೊಂದು ದಿನ ಬರೆಯುವಷ್ಟಿದೆ.) ನಾನು ಎಡಕ್ಕೆ. ಚಿಕ್ಕಪ್ಪ ಬರಲಿಲ್ಲ. "ಸೊಸೈಟಿಲಿ ಕೆಲ್ಸ ಇದೆ" ಅಂದ.

ಚಿಕ್ಕಮ್ಮ ಕೀ ತಿರುಗಿಸಿದಳು. ಒಂದೇ ಸಲಕ್ಕೆ ಹೊತ್ತಿಕೊಂಡಿತು. ಅಜ್ಜಿ ನನ್ನ ಭುಜ ತಿವಿದಳು. "ನೋಡ್ದೇನೋ?"

ರೋಡಿಗೆ ಬಂದೆವು. ಹೊಲದಲ್ಲಿದ್ದವರು ಕೆಲಸ ಬಿಟ್ಟು ನಿಂತರು. ಎದುರಿನ ಬಸ್ಸಿನ ಕಂಡಕ್ಟರ್ ಫುಟ್‌ಬೋರ್ಡಿನಿಂದ ಅರ್ಧ ಹೊರಗೆ ಬಗ್ಗಿ ನೋಡಿದ. ಶ್ರೀನಿವಾಸಪುರದ ಬಜಾರಿನಲ್ಲಿ ಒಬ್ಬ ಸೈಕಲ್ಲಿನವನು ನಮ್ಮನ್ನೇ ನೋಡುತ್ತ ಹೋಗಿ ಸೊಪ್ಪಿನ ಗಾಡಿಗೆ ಗುದ್ದಿದ. ಚಿಕ್ಕಮ್ಮ ಯಾರನ್ನೂ ನೋಡಲಿಲ್ಲ. ಅವಳ ಕಣ್ಣು ರೋಡಿನ ಮೇಲೆ, ಕೈ ಸ್ಟೇರಿಂಗಿನ ಮೇಲೆ.

ಊರು ದಾಟಿದ ಮೇಲೆ ಮಾವಿನ ತೋಪುಗಳ ನಡುವೆ ಒಂದು ಏರು. ಅರ್ಧ ಹತ್ತಿದಾಗ ಮುಂದೆ ಹುಲ್ಲಿನ ಗಾಡಿ. ನಿಲ್ಲಿಸಬೇಕಾಯಿತು. ಕಾರು ಆಫ್ ಆಯಿತು. ಹಿಂದೆ ಬಸ್ಸು ಬಂದು ನಿಂತಿತು. ಹಾರ್ನ್ ಒತ್ತಿತು, ಒತ್ತುತ್ತಲೇ ಇತ್ತು. ಏರಿನಲ್ಲಿ ನಿಂತ ಕಾರನ್ನು ಹಿಂದಕ್ಕೆ ಜಾರದಂತೆ ಎತ್ತುವುದನ್ನು ನಾನು ಹೇಳಿಕೊಟ್ಟಿರಲಿಲ್ಲ. ಕೆರೆ ಅಂಗಳ ಸಪಾಟಾಗಿತ್ತು, ಏರಿ ಹತ್ತುವ ನಡುವೆ ನಿಲ್ಲಿಸಿ ಕಲಿಸುವ ಧೈರ್ಯ ನನಗಿರಲಿಲ್ಲ. ಈಗ ಕಾರು ಜಾರಿದರೆ ನೇರ ಬಸ್ಸಿನ ಮೂತಿಗೆ. ಹಿಂದಿನ ಸೀಟಿನಲ್ಲಿ ಅಜ್ಜಿ.

"ಚಿಕ್ಕಮ್ಮ, ಇಳಿ. ನಾನು ಎತ್ತಿಕೊಡ್ತೀನಿ" ಎಂದು ಹ್ಯಾಂಡ್ ಬ್ರೇಕಿನ ಕಡೆ ಕೈ ಚಾಚಿದೆ.

ಪಟ್ ಅಂತ ಹೊಡೆದಳು. "ಕೈ ತೆಗಿ."

ಅವಳೇ ಬ್ರೇಕ್ ಹಿಡಿದಳು. ಸ್ಟಾರ್ಟ್ ಮಾಡಿದಳು. ಎಡಗಾಲು ಮೆಲ್ಲಗೆ, ಮೆಲ್ಲಗೆ ಮೇಲಕ್ಕೆ ಬಂತು. ಕಾರು ಒಮ್ಮೆ ನಡುಗಿತು. ಹಾರ್ನ್ ಒದರುತ್ತಲೇ ಇತ್ತು. ಅಜ್ಜಿ ಹಿಂದಿನ ಗಾಜಿನ ಕಡೆ ತಿರುಗಿ ಬಸ್ಸಿನ ಡ್ರೈವರಿಗೆ ಕೈ ತೋರಿಸಿ, "ಇರೋ ಮಾರಾಯ, ನನ್ನ ಸೊಸೆ ಹೊರಡ್ತಾ ಇದಾಳೆ!" ಎಂದು ಕೂಗಿದಳು.

ಹೊರಟಳು. ಒಂದು ಬೆರಳಿನಷ್ಟೂ ಹಿಂದಕ್ಕೆ ಜಾರಲಿಲ್ಲ.

ನನಗೆ ಗೊತ್ತಿಲ್ಲದೆ ಚಪ್ಪಾಳೆ ತಟ್ಟಿದ್ದೆ. ಆಫೀಸಿನಲ್ಲಿ ಪ್ರಮೋಷನ್ ಬಂದಾಗಲೂ ನಾನು ಚಪ್ಪಾಳೆ ತಟ್ಟಿಲ್ಲ.

ರಾಯಲ್ಪಾಡಿನಲ್ಲಿ ನಾರೆಪ್ಪನವರು ಮನೆಯ ಮುಂದೆ ಟೊಮೇಟೊ ಬುಟ್ಟಿ ಎಣಿಸುತ್ತಿದ್ದರು. ಹಸಿರು ಕಾರು ನೋಡಿ ನಕ್ಕರು. ಇಳಿದವರನ್ನು ನೋಡಿ ನಗು ನಿಂತಿತು.

"ಏಮ್ಮಾ, ಬಂಡಿನಿ ನುವ್ವೇ ತೆಚ್ಚಿನಾವಾ?" ಗಾಡಿಯನ್ನು ನೀನೇ ಓಡಿಸಿಕೊಂಡು ಬಂದೆಯಾ ಎಂದು ಕೇಳಿದರು.

ಚಿಕ್ಕಮ್ಮ ಅಜ್ಜಿಯ ಕೈಯಿಂದ ತಟ್ಟೆ ತೆಗೆದುಕೊಂಡು ಮುಂದೆ ಹೋದಳು. "ಹೌದಣ್ಣಾ, ನಾನೇ ತಂದಿದ್ದು. ಆದ್ರೆ ನಿಮಗೆ ಕೊಡೋಕಲ್ಲ, ಕೊಡಲ್ಲ ಅಂತ ಹೇಳೋಕೆ. ತಪ್ಪು ತಿಳೀಬೇಡಿ. ಇದು ನಂದು."

ನಾರೆಪ್ಪನವರು ತಟ್ಟೆ ನೋಡಿದರು. ಕಾರು ನೋಡಿದರು. ವ್ಯಾಪಾರಸ್ಥರು, ಮಾತು ತಪ್ಪಿದರೆ ರೇಗಬಹುದು ಎಂದು ನಾನು ಎರಡು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಬೇಕಾಗಲಿಲ್ಲ. ಅವರು ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು. "ಇಲ್ಲಿ ಬಾರೇ! ಸುಗಟೂರಿಂದ ಈಯಮ್ಮ ಕಾರು ಹೊಡ್ಕೊಂಡು ಬಂದವ್ಳೆ! ಏರು ಹತ್ತಿಸ್ಕೊಂಡು!" ಆಮೇಲೆ ತಟ್ಟೆ ತೆಗೆದುಕೊಂಡರು. "ಇದನ್ನ ನಾನು ತಗೊಂಡ್ರೆ ಪಾಪ ಸುತ್ಕೋತದೆ ತಲ್ಲೀ. ನಿನ್ನ ಕಾರು ನಿನಗೇ ಇರ್ಲಿ. ಊಟ ಮಾಡ್ಕೊಂಡ್ ಹೋಗಿ."

ಅವರ ಹೆಂಡತಿ ಕಾರಿನ ಸುತ್ತ ಒಂದು ಸುತ್ತು ಬಂದು, ಸ್ಟೇರಿಂಗ್ ಮುಟ್ಟಿ ನೋಡಿ, ಗಂಡನಿಗೆ ಕೇಳುವಂತೆಯೇ ವಿಚಾರಿಸಿದರು. "ಕಲಿಯೋಕೆ ಎಷ್ಟು ದಿನ ಬೇಕಾಯ್ತಮ್ಮಾ?" ನಾರೆಪ್ಪನವರು ಟೊಮೇಟೊ ಬುಟ್ಟಿಗಳ ಕಡೆ ಅವಸರವಾಗಿ ನಡೆದರು.

ವಾಪಸು ಬರುವಾಗ ಶ್ರೀನಿವಾಸಪುರಕ್ಕೆ ಇನ್ನೂ ದೂರವಿತ್ತು. ರೋಡಿನ ಪಕ್ಕದಲ್ಲಿ ಒಂದು ಜೀಪು, ಬಾನೆಟ್ ತೆರೆದುಕೊಂಡು. ಪಕ್ಕದ ಮೈಲಿಕಲ್ಲಿನ ಮೇಲೆ ನಮ್ಮ ಚಿಕ್ಕಪ್ಪ. ಸೊಸೈಟಿಯ ಕೆಲಸ ಇಲ್ಲಿಯವರೆಗೆ ಬಂದಿತ್ತು!

ಹೆಂಡತಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೋ ಎಂದು ಬೆಳಿಗ್ಗೆಯಿಂದ ನಮಗೆ ಕಾಣದಷ್ಟು ಹಿಂದೆ ಬರುತ್ತಿದ್ದನಂತೆ. ಅವನದೇ ಫ್ಯಾನ್ ಬೆಲ್ಟ್ ಹರಿದಿತ್ತು.

ಚಿಕ್ಕಮ್ಮ ಎಡಕ್ಕೆ ತೆಗೆದು, ಸಿಗ್ನಲ್ ಕೊಟ್ಟು, ನಿಧಾನವಾಗಿ ನಿಲ್ಲಿಸಿದಳು. ಗಾಜು ಇಳಿಸಿದಳು. "ಬರ್ತೀರಾ, ಡ್ರಾಪ್ ಕೊಡ್ಲಾ?"

ಚಿಕ್ಕಪ್ಪ ಜೀಪು ನೋಡಿದ, ರೋಡು ನೋಡಿದ, ಅಜ್ಜಿಯ ಪಕ್ಕ ನುಸುಳಿದ. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಅಂದ. "ಏರಿನಲ್ಲಿ ನೋಡಿದೆ ಕಣೇ. ಬಸ್ಸಿನ ಹಿಂದೇನೇ ಇದ್ದೆ. ನನ್ನ ಕೈಲೂ ಹಂಗೆ ಎತ್ತೋಕಾಗಲ್ಲ."

ಚಿಕ್ಕಮ್ಮ ಗೇರ್ ಬದಲಾಯಿಸಿದಳು, ಬೇಕಾಗಿಲ್ಲದಿದ್ದರೂ.

ಮಾರನೆಯ ದಿನ ಸೀಮೆ ಹಸು ಬಂತು. ಹಸಿರು ಕಾರು ಕೊಟ್ಟಿಗೆಯಲ್ಲಿ ತನ್ನ ಜಾಗದಲ್ಲೇ ನಿಂತಿದೆ. ಹಸುವಿಗೆ ಜಾಗ ಎಲ್ಲಿಂದ ಬಂತು ಎಂದು ಕೇಳಿದಿರಾ? ನನ್ನ ಬೂದು ಕಾರು ಈಗ ಹೊಂಗೆ ಮರದ ಕೆಳಗಿದೆ. "ಬಸ್ಸಲ್ಲಿ ಓಡಾಡೋನಿಗೆ ಕೊಟ್ಟಿಗೆ ಯಾಕೆ?" ಎಂದು ಅಜ್ಜಿ ಕೇಳಿದಳು. ನಾನೇ ಅದನ್ನು ತಳ್ಳಿಕೊಂಡು ಹೋಗಿ ನಿಲ್ಲಿಸಿದೆ.

ಆಫೀಸಿನಲ್ಲಿ ಗೆಳೆಯರು ಕೇಳುತ್ತಾರೆ. ಹವ್ಯಾಸಕ್ಕೆ ಎಷ್ಟು ಕಾರು ಇಟ್ಟುಕೊಳ್ಳಬಹುದಪ್ಪ? ಪೆಟ್ರೋಲು, ಟೈರು, ಭಾನುವಾರಗಳನ್ನು ಭಾಗಿಸಿ ಒಂದೂಕಾಲು ಅಂದಿದ್ದವನು ನಾನು. ಈಗ ಧೈರ್ಯವಾಗಿ ಮೂರು ಅನ್ನುತ್ತೇನೆ. ಯಾವುದರಲ್ಲಿ ಹೆಚ್ಚು ಹೋಗುತ್ತೀರಿ ಎನ್ನುವುದು ಲೆಕ್ಕವಲ್ಲ. ಮಾರುತ್ತೇವೆ ಅಂದಾಗ "ನಂದು" ಎಂದು ಎದ್ದು ನಿಲ್ಲುವವರು ಎಷ್ಟು ಜನ, ಅಷ್ಟು ಕಾರು.

ಹೋದ ಭಾನುವಾರ ಆಸೆಯಾಗಿ, ಹಸಿರು ಕಾರನ್ನು ಒಂದು ರೌಂಡ್ ಹೊಡೆದು ಬರುತ್ತೇನೆ ಎಂದು ಕೀ ಕೇಳಿದೆ.

ಚಿಕ್ಕಮ್ಮ ಸೊಪ್ಪು ಹೆಚ್ಚುವುದನ್ನು ನಿಲ್ಲಿಸದೆ ಅಂದಳು. "ಯಾಕೋ, ನಿಂದು ಅಂತ ಒಂದು ಇದೆಯಲ್ಲ?"